ಮನೆಮಾತಿನ ಮೇಲೆ ಅಡ್ಡಗೆರೆ

ಪುಟ್ಟೀ,

ಮೇಜಿನ ಮೇಲೆ ನೀನು ಬಿಟ್ಟುಹೋದ ಕಾಲೇಜಿನ ಅರ್ಜಿ ನೋಡಿದೆ. ಮೊದಲ ಸೆಮಿಸ್ಟರಿನ ಪಟ್ಟಿಯಲ್ಲಿ ಮಕ್ಕಳ ಮನಶ್ಶಾಸ್ತ್ರಕ್ಕೆ ಗುರುತಿದೆ, ಗಣಿತಕ್ಕೂ ಇದೆ. ‘ಮನೆಮಾತಿನ ಓದು-ಬರಹ’ಕ್ಕೆ ಮಾತ್ರ ಅಡ್ಡಗೆರೆ! ಎರಡೂ ಭಾಷೆಯಲ್ಲಿ ಪಾಠ ಹೇಳುವ ಟೀಚರಮ್ಮ ಆಗಲು ಹೊರಟವಳು ನೀನೇ ತಾನೆ?

“ನಮ್ಮನೆ ಮಾತು ನಂಗೆ ಬರಲ್ವೇನಜ್ಜಿ?” ಅನ್ನುತ್ತೀಯ. ಮಾತು ಬರುತ್ತದೆ ಕಂದ. ಆದರೆ ನೀನು ಶಾಲೆಯಲ್ಲಿ ಓದಿದ್ದೆಲ್ಲ ಬೇರೆ ಭಾಷೆ. ಮೊನ್ನೆ ಪ್ರಾರ್ಥನೆಯ ಹೊತ್ತಿನಲ್ಲಿ ಪುಸ್ತಕದ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಮಗುಚಿದವು. ನೀನು ಅದನ್ನು ಗಮನಿಸದೆ, ಒಂದು ಸಾಲೂ ತಪ್ಪದೆ ಹೇಳುತ್ತಲೇ ಹೋದೆ. ನೀನು ಓದುತ್ತಿಲ್ಲವೆಂದು ನನಗೆ ಆಗಲೇ ತಿಳಿಯಿತು. ಎಲ್ಲವನ್ನೂ ಬಾಯಿಪಾಠ ಮಾಡಿಸಿ ಬೀಗಿದವಳು ನಾನು, ತಪ್ಪು ನನ್ನದೇ.

ಅರ್ಜಿ ತಿದ್ದಲು ಇವತ್ತು ಐದು ಗಂಟೆಯವರೆಗೆ ಸಮಯವಿದೆ. ಈ ಪಾಠ ಬಿಟ್ಟವರನ್ನು ಮುಂದಿನ ವರ್ಷ ಮಕ್ಕಳ ತರಗತಿಗೆ ಪಾಠ ಹೇಳಲು ಕಳಿಸುವುದಿಲ್ಲವಂತೆ. ಊಟ ಮುಚ್ಚಿಟ್ಟಿದ್ದೇನೆ, ಉಂಡು ಹೊರಡು.

ನೀನು ಅಕ್ಷರ ಕೂಡಿಸಿಕೊಂಡು ಓದಲೆಂದು ದಪ್ಪಗೆ ಬರೆದಿದ್ದೇನೆ. ಅಮ್ಮನ ಕೈಲಿ ಓದಿಸಿಕೊಳ್ಳುತ್ತೀಯೆಂದು ಗೊತ್ತು. ಅದಕ್ಕೇ ಕಣ್ಣಿನ ಡಾಕ್ಟರ ಹತ್ತಿರ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.

— ಅಜ್ಜಿ