ಗುರುತು ಕಟ್ಟದ ಚಕ್ರಗಳು

ಮನೆಯಿಂದ,
ಗುರುವಾರ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ

ಪ್ರೀತಿಯ ರೀ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗೋಡೌನಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ನಿಲ್ಲಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ನೀವು ಕೇಳಿದ್ದು ಅಷ್ಟರಲ್ಲೇ ಇದೆ. ಸೊಂಟಕ್ಕೆ ಕೊಟ್ಟು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿ ಹಾಗೇ ಚೀಲದ ತಳದಲ್ಲಿ ಮಲಗಿದೆಯೋ? ನಾನು ಚೆನ್ನಾಗಿದ್ದೇನೆ. ಅತ್ತೆಯವರ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ನಿಮ್ಮ ಕಾಗದ ಬಂತು. ಅದರಲ್ಲಿ ‘ನಾನು ಚೆನ್ನಾಗಿದ್ದೇನೆ’ ಎಂದು ಮೂರು ಕಡೆ ಬರೆದಿದ್ದೀರಿ. ಚೆನ್ನಾಗಿರುವವರು ಒಂದು ಸಲ ಬರೆದು ಸುಮ್ಮನಾಗುತ್ತಾರೆ. ಮೇಲಾಗಿ ಪ್ರತಿ ವರ್ಷ ನಿಮ್ಮ ಮೇಸ್ತ್ರಿಯನ್ನು ಬೈಯುವುದಕ್ಕೇ ಅರ್ಧ ಪುಟ ತೆಗೆದಿಡುತ್ತಿದ್ದವರು, ಈ ಸಲ ‘ಮೇಸ್ತ್ರಿ ಒಳ್ಳೆಯ ಮನುಷ್ಯ’ ಎಂದಿದ್ದೀರಿ. ಆ ಸಾಲು ಓದಿದಾಗಲೇ ನನಗೆ ಅನುಮಾನದ ಹುಳ ಹೊಕ್ಕಿತು. ನಿಮಗೆ ಗೊತ್ತಲ್ಲ, ಅದು ಒಮ್ಮೆ ಹೊಕ್ಕರೆ ನನ್ನನ್ನು ಕೂರಲೂ ಬಿಡುವುದಿಲ್ಲ, ನಿಲ್ಲಲೂ ಬಿಡುವುದಿಲ್ಲ.

ಚಕ್ರಗಳ ಸಮಾಚಾರ ಕೇಳಿದ್ದೀರಿ, ಅದನ್ನೇ ಮೊದಲು ಹೇಳುತ್ತೇನೆ. ನೀವು ಬಿಟ್ಟುಹೋದ ಹಾಗೆಯೇ ಇವೆ. ದೊಡ್ಡ ಚಕ್ರಗಳು ತೊಲೆಯ ಕೊಕ್ಕೆಗಳಲ್ಲಿ ಸಾಲಾಗಿ ನೇತಾಡುತ್ತಿವೆ, ಮಕ್ಕಳ ಸೈಕಲ್ಲಿನ ಸಣ್ಣವು ಮಂಚದ ಕೆಳಗೆ, ಬಿಡಿ ಟೈರುಗಳು ಅಟ್ಟದ ಮೇಲೆ ಕತ್ತಲಲ್ಲಿ. ಬಿಸಿಲು ತಾಗದ ಹಾಗೆ ಕಿಟಕಿಗೆ ಗೋಣಿ ಕಟ್ಟಿದ್ದೇನೆ. ಟ್ಯೂಬುಗಳಿಗೆ ಪೌಡರ್ ಬಳಿದಿದ್ದೇನೆ; ನನ್ನ ಮುಖಕ್ಕೆ ಉಳಿದದ್ದು ಡಬ್ಬಿಯ ವಾಸನೆ ಮಾತ್ರ. ಗಾಳಿ ಪೂರ್ತಿ ಇಳಿದರೆ ಟೈರಿನ ಮಗ್ಗುಲು ಬಿರಿಯುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದೀರಲ್ಲ, ಆದ್ದರಿಂದ ಆಗಾಗ ಪಂಪು ಹಿಡಿದು ಒಂದೊಂದಕ್ಕೂ ಎರಡು ಗುಟುಕು ಗಾಳಿ ಕುಡಿಸುತ್ತೇನೆ. ಇಡೀ ಮನೆ ರಬ್ಬರ್ ವಾಸನೆ. ನೀರು ಕುಡಿದರೂ ಟೈರು ನೆಕ್ಕಿದ ಹಾಗಿರುತ್ತದೆ. ಬಂದವರು ಮೂಗು ಮುಚ್ಚಿಕೊಂಡರೆ, ಚಕ್ರ ಇಲ್ಲದ ಸೈಕಲ್ಲನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ, ಅದಕ್ಕೇ ಸೀಸನ್ ಮುಗಿದ ಕೂಡಲೇ ಸೈಕಲ್ಲನ್ನು ಅಂಗಡಿಯಲ್ಲಿ ಬಿಟ್ಟು ಚಕ್ರ ಬಿಚ್ಚಿ ಮನೆಗೆ ತರುತ್ತೇವೆ ಎಂದು ಹೇಳಿ ಸಾಕಾಗಿದೆ. ಚಳಿಗಾಲದಲ್ಲಿ ಕೆರೆ ಸುತ್ತಲು ಬಾಡಿಗೆ ಸೈಕಲ್ ಕೇಳುವವರು ಯಾರಿದ್ದಾರೆ ಹೇಳಿ. ನೀವು ಪರವೂರಿನ ಗೋಡೌನಿನ ಕೆಲಸಕ್ಕೆ, ಚಕ್ರ ಮನೆಗೆ. ಇಷ್ಟು ವರ್ಷದ ರೂಢಿ ಇದು.

ಹೋದ ವಾರ ಪಂಪು ಹೊಡೆಯುತ್ತಿದ್ದಾಗ ಕೈ ನಿಂತುಬಿಟ್ಟಿತು. ಒಂದು ಚಕ್ರಕ್ಕೂ ಗುರುತಿನ ಬಟ್ಟೆ ಇಲ್ಲ! ಪ್ರತಿ ವರ್ಷ ನನ್ನ ಹಳೇ ಸೀರೆ ಹರಿದು, ಒಂದೇ ಬಣ್ಣದ ಚೂರನ್ನು ಸೈಕಲ್ಲಿನ ಹ್ಯಾಂಡಲ್ಲಿಗೂ ಅದರ ಎರಡು ಚಕ್ರಕ್ಕೂ ನೀವೇ ಕೂತು ಕಟ್ಟುತ್ತಿದ್ದಿರಿ. ಒಂದರ ಚಕ್ರ ಇನ್ನೊಂದಕ್ಕೆ ಹಾಕಿದರೆ ಬ್ರೇಕು ಉಜ್ಜುತ್ತದೆ, ನಟ್ಟು ಕೂರುವುದಿಲ್ಲ. ‘ಗಂಡ ಹೆಂಡ್ತಿ ಇದ್ದ ಹಾಗೆ ಕಣೇ, ಒಗ್ಗಿರೋ ಜೋಡೀನ ಬೇರೆ ಮಾಡಬಾರದು’ ಎಂದು ಹಲ್ಲು ಕಿರಿಯುತ್ತಿದ್ದಿರಿ. ಈ ಸಲ ನಾನು ತವರಿನಿಂದ ಬರುವಷ್ಟರಲ್ಲಿ ಎಲ್ಲ ಬಿಚ್ಚಿ ನೇತುಹಾಕಿ ಆಗಿತ್ತು. ಪರವಾಗಿಲ್ಲ, ಕೆಲಸ ಹಗುರಾಯಿತು ಅಂದುಕೊಂಡ ನಾನೆಂಥ ಪೆದ್ದಿ.

ಮೊದಲು ಇಲಿಯ ಮೇಲೆ ಸಂಶಯಪಟ್ಟೆ. ಇಲಿ ಬಟ್ಟೆ ತಿಂದರೆ ಗಂಟನ್ನಾದರೂ ಬಿಡಬೇಕಲ್ಲ? ಆಮೇಲೆ ಅತ್ತೆಯವರ ಮೇಲೆ. ಅವರಿಗೆ ಬಟ್ಟೆ ಚೂರು ಸಿಕ್ಕರೆ ಪಾತ್ರೆ ಹಿಡಿಯಲು ಒಯ್ಯುತ್ತಾರೆ. ಅಡುಗೆಮನೆಯನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಕೊನೆಗೆ ಬೀಗದ ಕೈ ತೆಗೆದುಕೊಂಡು ಅಂಗಡಿಗೇ ಹೋದೆ. ಸೈಕಲ್ಲುಗಳು ಕಾಲು ಮುರಿದ ಕುರ್ಚಿಗಳ ಹಾಗೆ ಒಂದರ ಮೇಲೊಂದು ಒರಗಿದ್ದವು. ಯಾವ ಹ್ಯಾಂಡಲ್ಲಿನಲ್ಲೂ ಒಂದು ಎಳೆ ಬಟ್ಟೆ ಇಲ್ಲ. ಅಂದರೆ ನೀವು ಕಟ್ಟಲೇ ಇಲ್ಲ. ಮರೆಯುವವರಲ್ಲ ನೀವು, ಮದುವೆಯ ದಿನವನ್ನು ಮರೆತಿದ್ದೀರಿ, ಚಕ್ರದ ಗುರುತನ್ನು ಮರೆತವರಲ್ಲ. ಮತ್ತೆ ಜೋಡಿಸಬೇಕು ಎನ್ನುವವನು ತಾನೇ ಗುರುತು ಕಟ್ಟುತ್ತಾನೆ?

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ನಿಮ್ಮ ತಮ್ಮ ಇದ್ದಾನಲ್ಲ, ವರ್ಷಕ್ಕೊಮ್ಮೆಯೂ ಇತ್ತ ತಲೆ ಹಾಕದ ಮಹಾರಾಯ, ಮೂರು ದಿನಕ್ಕೊಮ್ಮೆ ಬಂದು ಟೀ ಕುಡಿದು ತೊಲೆ ನೋಡುತ್ತಾನೆ. ‘ಅತ್ತಿಗೆ, ಅಟ್ಟದ ಮೇಲಿರೋದೂ ನಮ್ಮ ಟೈರೇನಾ?’ ಎನ್ನುತ್ತಾನೆ. ‘ಯಾಕಪ್ಪಾ, ನಿನಗೇನಾದ್ರೂ ಮೆಟ್ಟು ಹೊಲಿಸಬೇಕಿತ್ತಾ?’ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮುಖ ಮಾಡಿದ. ಭಾನುವಾರ ಸ್ನೇಹಿತ ಎಂದು ಒಬ್ಬನನ್ನು ಕರೆತಂದ. ಆ ಸ್ನೇಹಿತ ನನ್ನ ಮುಖ ನೋಡಲಿಲ್ಲ, ನಮಸ್ಕಾರ ಹೇಳಲಿಲ್ಲ, ನೇರವಾಗಿ ಹೋಗಿ ಟೈರುಗಳನ್ನು ಹೆಬ್ಬೆರಳಲ್ಲಿ ಅದುಮಿ ನೋಡಿದ, ಹಲಸಿನ ಹಣ್ಣು ಆರಿಸುವವನ ಹಾಗೆ. ಅವನ ಉಗುರಿನ ಸಂದಿಯಲ್ಲಿ ತುಕ್ಕು ಇತ್ತು. ಗುಜರಿಯವನೆಂದು ತಿಳಿಯಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪಂಪನ್ನು ಕೈಯಲ್ಲೇ ಹಿಡಿದು ಬಾಗಿಲವರೆಗೆ ಇಬ್ಬರನ್ನೂ ಕಳಿಸಿಕೊಟ್ಟೆ.

ಇನ್ನು ನಿಮ್ಮ ತಾಯಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವರ ವ್ಯವಹಾರ. ಇದ್ದಕ್ಕಿದ್ದ ಹಾಗೆ ದೊಡ್ಡ ಭರಣಿಗಳನ್ನು ಪಕ್ಕದ ಮನೆಗೆ ಕೊಟ್ಟರು. ‘ಅಲ್ಲಿ ನೀರು ಗಡುಸಂತಾ?’ ಎಂದು ಬೇಳೆ ಆರಿಸುತ್ತಾ ಕೇಳಿದರು. ‘ಎಲ್ಲಿ ಅತ್ತೆ?’ ಎಂದರೆ ಬೇಳೆಯ ಮೊರ ಎತ್ತಿಕೊಂಡು ಒಳಗೆ ಹೋದರು. ಗುಜರಿಯವನು ಬಂದುಹೋದ ಸಂಜೆ ಅವರೆದುರು ಕೂತು ನೇರವಾಗಿ ಕೇಳಿದೆ. ಪಾಪ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದೇ ಕಷ್ಟ, ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚು. ‘ಅವನೇ ಹೇಳ್ತೀನಿ ಅಂದಿದ್ನಮ್ಮ, ನೀನು ನನ್ನನ್ನ ಹಿಡ್ಕೋಬೇಡ’ ಎಂದು ಅತ್ತೇಬಿಟ್ಟರು. ಗೋಡೌನಿನಲ್ಲಿ ಕೆಲಸ ಕಾಯಂ ಆಗಿದೆಯಂತೆ, ಇರಲು ಎರಡು ಕೋಣೆ ಕೊಡುತ್ತಾರಂತೆ, ಅಂಗಡಿ ಮುಚ್ಚುವುದಂತೆ, ಚಕ್ರ ಟೈರು ಎಲ್ಲ ಗುಜರಿಗಂತೆ. ಎಲ್ಲ ಖಾಲಿಯಾದ ಮೇಲೆ ನೀವು ಬಂದು ನಮ್ಮನ್ನು ಕರೆದೊಯ್ಯುವುದಂತೆ.

ರೀ, ನಿಮ್ಮ ಅಮ್ಮನಿಗೆ ಗೊತ್ತು, ತಮ್ಮನಿಗೆ ಗೊತ್ತು, ತುಕ್ಕಿನ ಉಗುರಿನವನಿಗೂ ಗೊತ್ತು. ಆ ಚಕ್ರಗಳ ಕೆಳಗೆ ಮಲಗಿ ಎದ್ದು, ಗಾಳಿ ಕುಡಿಸಿ, ಒರೆಸಿದವಳಿಗೆ ಗೊತ್ತಿಲ್ಲ. ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ನಿಜ. ಜಗಳವಾಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ. ಮೂರನೇ ದಿನ ನಿಮ್ಮ ಸೊಂಟ ನೆನೆದು ಒಪ್ಪಿಕೊಳ್ಳುತ್ತಿದ್ದೆನೋ ಏನೋ, ಯಾರಿಗೆ ಗೊತ್ತು. ಆ ಎರಡು ದಿನದ ಜಗಳಕ್ಕೆ ಹೆದರಿ ಇಡೀ ಚಳಿಗಾಲ ನನಗೆ ಸುಳ್ಳು ಹೇಳಿದಿರಲ್ಲ. ಇನ್ನೊಂದು ಮಾತನ್ನೂ ಕೇಳಿಯೇಬಿಡುತ್ತೇನೆ, ಬಾಯಲ್ಲಿಟ್ಟುಕೊಂಡರೆ ಕಹಿಯಾಗುತ್ತದೆ: ಅಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಇಲ್ಲ ಎಂದು ಅತ್ತೆ ದೇವರ ಮೇಲೆ ಆಣೆ ಮಾಡಿದರು. ನನಗೆ ಅವರ ಆಣೆ ಬೇಡ, ನಿಮ್ಮ ಬಾಯಿಂದ ಬರಬೇಕು. ಕೆರೆ ದಂಡೆಯ ಆ ಅಂಗಡಿಯಲ್ಲಿ ಜನ ನನ್ನನ್ನು ‘ಸೈಕಲ್ಲಮ್ಮ’ ಎಂದು ಕರೆಯುತ್ತಾರೆ. ನಿಮ್ಮ ಎರಡು ಕೋಣೆಯಲ್ಲಿ ನಾನು ಯಾರು? ಅದನ್ನು ಯೋಚಿಸಿದ್ದೀರಾ?

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ತಮ್ಮನ್ನು ಬೈಯಬೇಡ ಎಂದೂ ಹೇಳಿದ್ದಾರೆ. ಬೈಯಬೇಡಿ, ಪಾಪ. ಬೆಚ್ಚಗಿನ ನೀರನ್ನೇ ಕುಡಿಯಿರಿ. ಆ ಒಳ್ಳೆಯ ಮೇಸ್ತ್ರಿಗೂ ನನ್ನ ನಮಸ್ಕಾರ ಹೇಳಿ.

ಇಷ್ಟೆಲ್ಲ ಆದರೂ ನಿಮ್ಮವಳೇ ಆದ,
ನಿಮ್ಮ ಮನೆಯವಳು

ತಾ.ಕ.: ಅಂಚೆಯವನು ಬೀದಿಯ ಕೊನೆಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಚಕ್ರಗಳು ನೀವು ಬಿಟ್ಟುಹೋದ ಹಾಗೆಯೇ ಇವೆ ಎಂದು ಮೇಲೆ ಬರೆದದ್ದು ಸುಳ್ಳು. ನೀವೊಬ್ಬರೇ ಹೇಳಬೇಕೇನು? ಸೋಮವಾರದಿಂದ ತಳ್ಳುಗಾಡಿಯಲ್ಲಿ ಹೇರಿ ಎಲ್ಲವನ್ನೂ ಅಂಗಡಿಗೆ ಸಾಗಿಸಿ ನಾನೇ ಕೂರಿಸಿದೆ. ಗುರುತಿರಲಿಲ್ಲ, ಒಂದೊಂದನ್ನೂ ಹಾಕಿ ತೆಗೆದು ಹಾಕಿ ನೋಡಿದೆ, ಬೆರಳು ಜಜ್ಜಿತು. ಕೆಲವು ಅದಲುಬದಲಾಗಿರಬಹುದು, ಆದರೂ ಓಡುತ್ತವೆ. ಸೀಸನ್ನಿನ ಮೊದಲ ಭಾನುವಾರ ಬಾಗಿಲು ತೆಗೆಯುತ್ತೇನೆ. ಕೊನೆಗುಳಿದ ನಿಮ್ಮ ಸ್ವಂತ ಸೈಕಲ್ಲಿನ ಎರಡು ಚಕ್ರಕ್ಕೆ ಮಾತ್ರ ನಾನು ಕೈ ಹಚ್ಚಿಲ್ಲ, ತೊಲೆಯಲ್ಲೇ ಇವೆ. ಅಷ್ಟರೊಳಗೆ ಬಂದು ಅವನ್ನು ನೀವೇ ಹಾಕಿಕೊಳ್ಳಿ, ಆಮೇಲೆ ಜಗಳವಾಡೋಣ. ಬರದಿದ್ದರೆ ಮಾರನೇ ದಿನವೇ ಗುಜರಿಯವನನ್ನು ಕರೆದು ಅವೆರಡನ್ನು ಕೊಟ್ಟುಬಿಡುತ್ತೇನೆ.