ಎಡೆಯ ಮುಂದೆ ಕೂತವಳು

ಬ್ಯಾಡರಹಳ್ಳಿ

ಡಾಕ್ಟರ್ ಕೀರ್ತನಾ ಅವರಿಗೆ ನಮಸ್ಕಾರ.

ತೂಕ ಇಳಿಸುವ ಆಪರೇಷನ್‌ಗೆ ಮೊದಲೇ ನೀವು ಹೇಳಿದ್ದಿರಿ: "ಚಿಕ್ಕ ವಯಸ್ಸಾದ್ರೆ ಚರ್ಮ ಬಿಗಿಯಾಗುತ್ತೆ ಆಂಟಿ, ಅರವತ್ತು ದಾಟಿದ ಮೇಲೆ ಜೋತು ಬೀಳುತ್ತೆ." ಹಾಗೇ ಆಯಿತು. ಕೆನ್ನೆ ಇಳಿದು, ತೀರಿಹೋದ ನನ್ನ ಅಮ್ಮನ ಮುಖವೇ ಬಂದಿದೆ. ಅಪ್ಪ ಈಗ ನನ್ನನ್ನು ಅಮ್ಮನ ಹೆಸರಿನಿಂದಲೇ ಕರೆಯುತ್ತಾರೆ.

ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಈ ಸಲ ನಾನಿನ್ನೂ ಎಡೆ ಇಡುತ್ತಿರುವಾಗಲೇ ಅಪ್ಪ ಹೊರಗಿನಿಂದ ಚಿಲಕ ಹಾಕಿಬಿಟ್ಟರು. "ನಿಧಾನಕ್ಕೆ ಉಣ್ಣು ಬೋರಮ್ಮ, ಯಾರೂ ಒಳಕ್ಕೆ ಬರಲ್ಲ" ಅಂದರು.

ಆಪರೇಷನ್ ಆದಮೇಲೆ ಅರ್ಧ ಇಡ್ಲಿಗಿಂತ ಹೆಚ್ಚು ತಿಂದರೆ ನನಗೆ ವಾಂತಿಯಾಗುತ್ತದೆ. ಅವತ್ತು ಮುದ್ದೆ, ಕೋಳಿ ಸಾರು, ವಡೆ ಎಲ್ಲವನ್ನೂ ಉಂಡೆ. ಹೊಟ್ಟೆ ತುಂಬಲೇ ಇಲ್ಲ. ಬಾಗಿಲು ತೆಗೆದ ಅಪ್ಪ ಖಾಲಿ ಎಲೆ ನೋಡಿ ನನಗೆ ಕೈ ಮುಗಿದರು.

ದಯವಿಟ್ಟು ಹೊಟ್ಟೆಯ ಸ್ಕ್ಯಾನ್ ಒಮ್ಮೆ ಮಾಡಿಸಿ. ಸೋಮವಾರ ಆಸ್ಪತ್ರೆಗೆ ಬರುತ್ತೇನೆ. ನರ್ಸ್ ನನ್ನ ಹೆಸರು ಕೂಗಿದಾಗ ನಾನು ಏಳದಿದ್ದರೆ, ಬೋರಮ್ಮ ಎಂದು ಕೂಗಲು ಹೇಳಿ.

ಇಂತಿ,
ಗಂಗಲಕ್ಷ್ಮಮ್ಮ