ಕಣ್ಣು ತೆರೆಸದ ಫೋಟೊ

ತಿ. ನರಸೀಪುರ
ಸೋಮವಾರ, ಮಧ್ಯಾಹ್ನ

ನನ್ನ ಮಗಳೇ,

ನಿನ್ನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಸ್ಟುಡಿಯೋದಲ್ಲಿ, ಮೊಬೈಲಿನ ಒಂದು ಫೋಟೊದಲ್ಲಿ. ಅಷ್ಟೊತ್ತಿಗೆ ನೀನು ಹುಟ್ಟಿ ಒಂದು ಮಳೆಗಾಲವೇ ಕಳೆದಿತ್ತು. ಹೆತ್ತವಳೊಬ್ಬಳು ಹೀಗೆ ಬರೆದರೆ ಯಾರೂ ನಂಬಲಿಕ್ಕಿಲ್ಲ. ನೀನಾದರೂ ನಂಬು.

ನಿನ್ನ ಅವ್ವ ಮಾಡುವ ಕೆಲಸವೇ ಅದು, ಮುಖ ತಿದ್ದುವುದು. ಬಸ್ ಸ್ಟ್ಯಾಂಡಿನ ಹತ್ತಿರ ಶಿವಸ್ವಾಮಿಯವರ ಸ್ಟುಡಿಯೋ ಇದೆ. ಅವರು ಕ್ಯಾಮೆರಾ ಹಿಡಿದು ಮದುವೆ, ನಾಮಕರಣ ಅಂತ ಊರೂರು ಸುತ್ತುತ್ತಾರೆ, ನಾನು ಒಳಗೆ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ನಮ್ಮ ಸಾಫ್ಟ್‌ವೇರಿನಲ್ಲಿ ಫೋಟೊ ತಿದ್ದಲು ಮೂರು ದಾರಿಗಳಿವೆ. ಕ್ವಿಕ್ ಅಂತ ಒಂದು. ಗುಂಡಿ ಒತ್ತಿದರೆ ಬೆಳಕು, ಬಣ್ಣ ಎಲ್ಲವನ್ನೂ ಅದೇ ಸರಿಮಾಡಿಕೊಳ್ಳುತ್ತದೆ. ಗೈಡೆಡ್ ಅಂತ ಇನ್ನೊಂದು. ಅದು ಕೈಹಿಡಿದು ನಡೆಸಿದ ಹಾಗೆ, ಈಗ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಹೇಳಿಕೊಡುತ್ತದೆ. ಮೂರನೆಯದು ಎಕ್ಸ್‌ಪರ್ಟ್. ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ, ಎಲ್ಲ ನಿನ್ನ ಕೈಯಲ್ಲೇ. ಬಂದವರಿಗೆ ಇದೆಲ್ಲ ಬೇಕಿಲ್ಲ. "ವಸಿ ಚೆನ್ನಾಗ್ ಮಾಡ್ಕೊಡವ್ವ" ಅನ್ನುತ್ತಾರೆ. ಮುಖ ನೋಡಿ ಯಾವ ದಾರಿ ಎಂದು ನಾನೇ ತೀರ್ಮಾನ ಮಾಡುತ್ತೇನೆ.

ಕೆಲವರು ತೀರಿಹೋದವರ ಫೋಟೊ ತರುತ್ತಾರೆ. ಉಸಿರು ನಿಂತ ಮೇಲೆ ಮೊಬೈಲಿನಲ್ಲಿ ತೆಗೆದದ್ದು. ತಿಥಿಗೆ ಪಟ ಬೇಕು, ಕಣ್ಣು ತೆರೆಸಿಕೊಡಿ ಎನ್ನುತ್ತಾರೆ. ಗೈಡೆಡ್‌ನಲ್ಲಿ ಅದಕ್ಕೂ ದಾರಿ ಇದೆ. ಎಷ್ಟೋ ಜನರ ಕಣ್ಣು ತೆರೆಸಿ ಕಳಿಸಿದ್ದೇನೆ.

ನಿನ್ನ ಸುದ್ದಿಗೆ ಬರುತ್ತೇನೆ. ನನಗೆ ತಾಯಿ ಇಲ್ಲದ್ದರಿಂದ ಬಾಣಂತನಕ್ಕೆ ನಿಮ್ಮಪ್ಪನ ಅವ್ವ, ಜವರಮ್ಮ, ನನ್ನನ್ನು ತಮ್ಮ ಊರು ಹೆಮ್ಮರಗಾಲಕ್ಕೆ ಕರೆದುಕೊಂಡು ಹೋಗಿದ್ದರು. ಒಂದು ಬೆಳಗ್ಗೆ ನೀನು ಹೊಟ್ಟೆಯಲ್ಲಿ ಮಿಸುಕಲಿಲ್ಲ. ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಆಪರೇಷನ್ ಆಯಿತು. ನನಗೆ ಎಚ್ಚರವಾಗುವ ಹೊತ್ತಿಗೆ ನಿನ್ನನ್ನು ಊರಿಗೆ ಒಯ್ದು ಮಣ್ಣು ಮಾಡಿ ಬಂದಿದ್ದರು. ನಿಮ್ಮಪ್ಪ ರವಿಕುಮಾರ "ಎಣ್ ಮಗ" ಅಂದ, ಅಷ್ಟೆ. ನನಗೆ ತೋರಿಸಬಾರದಿತ್ತೇ ಎಂದು ಕಣ್ಣೀರು ಹಾಕಿದರೆ ಅತ್ತೆ ಅಂದರು: "ಮರ್ತ್‌ಬುಡವ್ವ. ನೋಡ್ದೇ ಇರೋದ್ನ ಮರಿಯೋದು ಸಲೀಸು."

ಮೂರನೇ ದಿನಕ್ಕೆ ಎದೆಯಲ್ಲಿ ಹಾಲು ಬಂತು. ಹಾಲು ಬತ್ತಲಿ ಎಂದು ಅತ್ತೆ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರು. ಅವತ್ತಿನಿಂದ ನಾನು ಮಲ್ಲಿಗೆ ಮುಡಿದಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ನಿನ್ನ ಮಾತು ಬರಲಿಲ್ಲ. ನಿಮ್ಮಪ್ಪ ಬೆಳಗ್ಗೆ ಟೆಂಪೋ ತೆಗೆದುಕೊಂಡು ಲೋಡಿಗೆ ಹೋಗುತ್ತಿದ್ದ. ಸಂಜೆ ಬಂದು ಉಂಡು, ಟಿವಿ ಹಾಕಿ, ಅದನ್ನೂ ನೋಡದೆ ಕೂತಿರುತ್ತಿದ್ದ. ಸ್ಟುಡಿಯೋದಲ್ಲಿ ನಾಮಕರಣದ ಫೋಟೊಗಳು ಬಂದರೆ ಪರರ ಮಕ್ಕಳ ಕೆನ್ನೆಗೆ ಬೆಳಕು ಹಾಕುತ್ತಿದ್ದೆ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತಿದ್ದೆ. ಹಾಗೆ ಅಂದಾಗಲೆಲ್ಲ ನಿನ್ನನ್ನು ಇನ್ನೊಂದು ಸಲ ಹೂತ ಹಾಗಾಗುತ್ತಿತ್ತು, ಮಗಳೇ. ಈ ಸಲ ಹೂತವಳು ನಾನೇ.

ಹೋದ ವಾರ ಒಂದು ಮಧ್ಯಾಹ್ನ ನಿಮ್ಮಪ್ಪ ಸ್ಟುಡಿಯೋಗೆ ಬಂದ. ಎಂದೂ ಬಂದವನಲ್ಲ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡದೆ ಮೊಬೈಲನ್ನು ಮೇಜಿನ ಮೇಲಿಟ್ಟ. "ಒಂದ್ ಫೋಟೊ ಅದೆ. ಕಣ್ ತೆರ್ಸ್‌ಬೇಕು" ಅಂದ. ಊರಿನಲ್ಲಿ ಯಾರೋ ಹೋಗಿರಬೇಕು ಅಂದುಕೊಂಡು ತೆಗೆದುಕೊಂಡೆ.

ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿದ್ದ ನೀನು. ತಲೆ ತುಂಬ ಕೂದಲು. ಫೋಟೊದ ಅಂಚಿನಲ್ಲಿ ಯಾರದೋ ಮುದಿ ಕೈ.

"ಅವತ್ತೇ ಮೊಬೈಲಲ್ಲಿ ತಕ್ಕಂಡಿದ್ದೆ. ನಿಂಗೆ ತೋರ್ಸಕ್ಕೆ ಧೈರ್ಯ ಬರ್ನಿಲ್ಲ" ಅಂದ.

"ಇಷ್ಟ್ ದಿನ ಒಬ್ನೇ ನೋಡ್ಕಂಡಿದ್ಯಾ?"

"ಲೋಡ್ ಇಳ್ಸಿ ಬರೋವಾಗ ಸೋಮನಾಥಪುರದ್ ರೋಡಲ್ಲಿ ಗಾಡಿ ನಿಲ್ಸ್‌ಕಂಡು ನೋಡ್ತಿದ್ದೆ. ಒಂದೇ ಒಂದ್ ಸಲ ಅವ್ಳು ನಮ್ಮನ್ನ ನೋಡ್ದಂಗೆ ಮಾಡ್ಕೊಡೆ."

ಬೈಯಬೇಕು ಅನ್ನಿಸಿತು. ಒಂದೇ ಚಾಪೆಯ ಮೇಲೆ ಮಲಗಿ, ನಿನ್ನನ್ನು ಅವನೊಬ್ಬನೇ ಜೇಬಿನಲ್ಲಿ ಇಟ್ಟುಕೊಂಡಿದ್ದನಲ್ಲ! ಫೋಟೊವನ್ನು ಕಂಪ್ಯೂಟರಿಗೆ ಹಾಕಿದೆ.

ಅಭ್ಯಾಸದಂತೆ ಕ್ವಿಕ್‌ನಲ್ಲೇ ತೆರೆದು ಗುಂಡಿ ಒತ್ತಿದೆ. ಒಂದು ಚಣದಲ್ಲಿ ನಿನ್ನ ಕೆನ್ನೆ ಕೆಂಪಾಯಿತು, ತುಟಿ ಗುಲಾಬಿಯಾಯಿತು, ಸೋಪಿನ ಜಾಹೀರಾತಿನ ಮಗುವಿನ ಹಾಗೆ. "ಇಂಗಿರ್ನಿಲ್ಲ" ಅಂದ ನಿಮ್ಮಪ್ಪ. ಅಳಿಸಿದೆ. ಗೈಡೆಡ್‌ಗೆ ಹೋಗಿ, ಮುಚ್ಚಿದ ಕಣ್ಣು ತೆರೆಸುವ ಜಾಗ ಒತ್ತಿದೆ. ಅದು ಎಂದಿನಂತೆ, ಇದೇ ವ್ಯಕ್ತಿಯ ಕಣ್ಣು ತೆರೆದಿರುವ ಇನ್ನೊಂದು ಫೋಟೊ ಕೊಡಿ ಎಂದು ಕೇಳಿತು. ಬೇರೆಯವರಿಗಾದರೆ ಮದುವೆಯದೋ ಆಧಾರ್ ಕಾರ್ಡಿನದೋ ಒಂದು ಇದ್ದೇ ಇರುತ್ತಿತ್ತು. ಮೌಸ್‌ನಿಂದ ಕೈ ತೆಗೆದೆ.

"ಏನಂತೆ?"

"ಇವ್ಳದೇ ಇನ್ನೊಂದ್ ಫೋಟೊ ಕೇಳ್ತಾ ಅದೆ."

ಅವನು ಎದ್ದು ಬಾಗಿಲ ಹತ್ತಿರ ಹೋಗಿ ರಸ್ತೆ ನೋಡುತ್ತಾ ನಿಂತ. ಮೈಸೂರಿನ ಬಸ್ಸು ಹೋಯಿತು, ಇನ್ನೊಂದು ಬಂತು. ತಿರುಗಿ ಬಂದು ಕೂತಾಗ ಅವನ ಕಣ್ಣುಗಳು ಕೆಂಪಗಿದ್ದವು. ನಾನು ಎಕ್ಸ್‌ಪರ್ಟ್ ತೆರೆದೆ. ನನ್ನ ಹಳೆಯ ಸ್ಕೂಲ್ ಫೋಟೊ ಒಂದಿತ್ತು, ಅದರಿಂದ ನನ್ನ ಕಣ್ಣುಗಳನ್ನೇ ಎತ್ತಿ, ಚಿಕ್ಕದು ಮಾಡಿ, ನಿನ್ನ ರೆಪ್ಪೆಯ ಜಾಗದಲ್ಲಿ ಕೂರಿಸಿದೆ. ಚೆನ್ನಾಗಿಯೇ ಕೂತವು. ಮಗು ನಮ್ಮಿಬ್ಬರನ್ನೂ ನೋಡಿತು. ಬಹಳ ಲಕ್ಷಣವಾಗಿತ್ತು. ಅದು ನೀನೋ ಅಲ್ಲವೋ ಎಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಸಾವಿರ ಮುಖ ತಿದ್ದಿದವಳು ನನ್ನ ಮಗಳ ಗುರುತನ್ನು ಇನ್ನೊಬ್ಬರನ್ನು ಕೇಳಬೇಕಾಯಿತು.

"ಇವ್ಳೇನಾ?"

ಅವನು ಬಹಳ ಹೊತ್ತು ನೋಡಿದ. "ಅಲ್ಲ ಕಣೆ. ಇದ್ಯಾವ್ದೋ ಬ್ಯಾರೆ ಮಗ. ನಮ್ಮೋಳು ನಿದ್ದೇಲೇ ಬಂದ್ಲು. ಬುಡು, ಅಂಗೇ ಇರ್ಲಿ."

ಕಣ್ಣು ತೆಗೆದುಹಾಕಿದೆ. ಆಮೇಲೆ ನಾನು ಕೇಳುತ್ತಾ ಹೋದೆ, ಅವನು ಹೇಳುತ್ತಾ ಹೋದ. ಆಸ್ಪತ್ರೆಯ ಟ್ಯೂಬ್‌ಲೈಟಿಗೆ ಇಡೀ ಫೋಟೊ ಹಸಿರಾಗಿತ್ತು. ನಿಜವಾಗಿ ಬಣ್ಣ ಹೇಗಿತ್ತು? "ನಿನ್ ಬಣ್ಣನೇ. ಕಿವಿ ತುದಿ ವಸಿ ಕಪ್ಪು." ಹಸಿರನ್ನು ಸ್ವಲ್ಪಸ್ವಲ್ಪವೇ ಇಳಿಸಿದೆ, ಅವನು ಸಾಕು ಅನ್ನುವವರೆಗೆ. ಭಾರ ಇದ್ದಳಾ? "ಇದ್ಲು. ಇನ್ನೂ ಈ ಕೈಲಿ ಅದೆ ಆ ಭಾರ." ಹೀಗೆ ನಿನ್ನನ್ನು ತಿಳಿದುಕೊಂಡೆ, ಮಗಳೇ. ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದಾದಷ್ಟು.

ಅಂಚಿನ ಕೈಯನ್ನು ಕತ್ತರಿಸಿಬಿಡು, ಅದು ನಮ್ಮವ್ವನ ಕೈ, ಅಂದ. ಕತ್ತರಿಸಲೆಂದೇ ದೊಡ್ಡದು ಮಾಡಿದೆ. ಜವರಮ್ಮನ ಹೆಬ್ಬೆರಳು ನಿನ್ನ ಕಿವಿಯ ಮೇಲಿನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸುತ್ತಿತ್ತು. ಆ ಬೆರಳು ಅಲುಗಿದ್ದರಿಂದ ಮಸುಕಾಗಿತ್ತು. ಅವಸರದಲ್ಲಿ ನಿನ್ನನ್ನು ಹೊತ್ತುಹೋದರು ಎಂದು ನಾನು ಇಷ್ಟು ದಿನ ಅತ್ತೆಯ ಮೇಲೆ ಹಲ್ಲು ಕಚ್ಚಿಕೊಂಡಿದ್ದೆ. ಆ ಕೈಯನ್ನು ಅಲ್ಲೇ ಬಿಟ್ಟೆ.

ನಿನ್ನೆ ಭಾನುವಾರ ಇಬ್ಬರೂ ಟೆಂಪೋದಲ್ಲಿ ಹೆಮ್ಮರಗಾಲಕ್ಕೆ ಹೋದೆವು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪ್ರಿಂಟನ್ನು ಮಡಿಲಿಗೆ ಹಾಕಿದೆ. ಒಂದು ಸಲ ನೋಡಿ ಸೆರಗಿನಿಂದ ಮುಚ್ಚಿದರು. ಮತ್ತೆ ಸೆರಗು ಸರಿಸಿ ನೋಡಿದರು.

"ರವಿಗಿಂತ ಮುಂಚೆ ನಂಗೂ ಒಂದ್ ಇಂಗೇ ಆಗಿತ್ತು ಕಣವ್ವ. ನಂಗೆ ತೋರ್ಸಿದ್ರು. ಇವತ್ಗೂ ಆ ಮಕ ನನ್ನ ಬುಟ್ಟಿಲ್ಲ. ನಿಂಗದು ಬ್ಯಾಡ ಅಂದ್ಕಂಡೆ" ಅಂದರು. ನಿಮ್ಮಪ್ಪನಿಗೂ ಅದು ಗೊತ್ತಿರಲಿಲ್ಲ. ಯಾರಿಗೂ ಹೇಳದೆ ಒಂದು ಆಯುಷ್ಯ ಕಳೆದಿದ್ದರು.

ಅವರೆಕಾಯಿ ಬದಿಗಿಟ್ಟು ಎದ್ದರು. "ಬಾ" ಅಂದರು. ನಮ್ಮ ಚೂರು ಹೊಲದ ಬದುವಿನ ಹತ್ತಿರ ಕರೆದುಕೊಂಡು ಹೋದರು. ನಾಯಿ ಕೆದಕದಂತೆ ಹಾಕಿದ್ದ ಜಾಲಿಮುಳ್ಳು ಒಣಗಿ ಚದುರಿಹೋಗಿತ್ತು. ಮೇಲೆ ಹುಲ್ಲು. ಹೇಳದಿದ್ದರೆ ತಿಳಿಯುತ್ತಲೇ ಇರಲಿಲ್ಲ.

"ಇಲ್ಲೇ ಕಣವ್ವ. ತಲೆ ಈ ಕಡಿಕೆ" ಅಂದರು.

ನಾನು ನಿಂತಿದ್ದು ನಿನ್ನ ಕಾಲ ಕಡೆ. ಸುತ್ತಿ ಬಂದು ನಿನ್ನ ತಲೆಯ ಹತ್ತಿರ ಕೂತುಕೊಂಡೆ.

ನಿನ್ನ ಮೇಲಿನ ಮಣ್ಣು ತಣ್ಣಗಿರಲಿ, ಕೂಸೇ.

ನಿನ್ನ ಅವ್ವ,
ದಿವ್ಯ